ಜೋರು ಮಳೆ ಬಂದರೆ ಆರ್‌ಸಿಸಿಬಿ ಬೀಳುತ್ತದೆ, ಎಂಸಿಬಿ ಬೀಳುವುದಿಲ್ಲ. ಯಾಕೆ?

ಶಿರಸಿ ತೋಟಿಗ:
ನಮ್ಮದು ಶಿರಸಿ ಹತ್ತಿರದ ಹಳ್ಳಿ. ಹಳೆ ಮನೆಗೆ ಹೊಸ ವೈರಿಂಗ್ ಮಾಡಿಸಿದ್ದೇವೆ. ಬೋರ್ಡಿನಲ್ಲಿ ಮೊದಲು ಒಂದು ಆರ್‌ಸಿಸಿಬಿ, ಅಂದರೆ ತಾನಾಗಿ ಬಿದ್ದು ಇಡೀ ಮನೆಯ ಕರೆಂಟು ಕಡಿಯುವ ಸ್ವಿಚ್ಚು; ಅದರ ಮೇಲೆ 40 ಆಂಪ್, 30 ಮಿಲಿ ಆಂಪ್ ಅಂತ ಬರೆದಿದೆ. ಆಮೇಲೆ ಸಾಲಾಗಿ ಎಂಸಿಬಿಗಳು, ಅಂದರೆ ಒಂದೊಂದು ಲೈನಿಗೆ ಒಂದೊಂದು ಸಣ್ಣ ಬ್ರೇಕರ್. ಜೋರು ಮಳೆ ಹಿಡಿದರೆ ಸಾಕು, ಆರ್‌ಸಿಸಿಬಿ ಬಿದ್ದು ಇಡೀ ಮನೆ ಕತ್ತಲು. ಎಂಸಿಬಿ ಒಂದೂ ಬಿದ್ದಿರುವುದಿಲ್ಲ. ಅಂಗಳದ ಲೈಟಿನ ಮೇಲೆ ಅನುಮಾನ ಬಂದು ಅದರ ಎಂಸಿಬಿ ಆಫ್ ಮಾಡಿ ನೋಡಿದೆ. ಆದರೂ ಬೀಳುತ್ತದೆ. ವೈರಿಂಗಿನವರು "ನಮ್ಮ ಮಳೆಗೆ ಇದೆಲ್ಲ ನಿಲ್ಲೂದಿಲ್ಲ, ತೆಗೆದು ಡೈರೆಕ್ಟ್ ಮಾಡಿಕೊಡ್ತೇನೆ" ಅನ್ನುತ್ತಾರೆ. ಎಂಸಿಬಿ ಇದೆಯಲ್ಲ, ಅಷ್ಟು ಸಾಲದಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಕುಮಟಾ ಕಡೆಯವ:
ನಮ್ಮ ಮನೆಯಲ್ಲೂ ಇದೇ ರಗಳೆ ಇತ್ತು. 30ರದ್ದು ತೆಗೆಸಿ 100 ಮಿಲಿ ಆಂಪಿನದು ಹಾಕಿಸಿದೆವು. ಈಗ ಆರಾಮ.

ಕಾರವಾರ ಸಬ್‌ಸ್ಟೇಷನ್:
ತೋಟಿಗರೇ, ದಯವಿಟ್ಟು ಡೈರೆಕ್ಟ್ ಮಾಡಿಸಬೇಡಿ. ಬ್ರೇಕರ್ ನೋಡಿಕೊಳ್ಳುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯರನ್ನಲ್ಲ. ಅದರೊಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇದೆ. ಲೋಡು ಜಾಸ್ತಿಯಾದರೆ ಪಟ್ಟಿ ಬಿಸಿಯಾಗಿ ನಿಧಾನಕ್ಕೆ ಬಾಗಿ ಕೊಂಡಿ ಬಿಡಿಸುತ್ತದೆ. ಶಾರ್ಟ್ ಆದರೆ ಅಷ್ಟು ಹೊತ್ತು ಕಾಯಲು ಆಗುವುದಿಲ್ಲ, ಅದಕ್ಕೆ ಒಂದು ಕಾಯಿಲ್ ಇದೆ. ಅದು ಕಣ್ಣು ಮಿಟುಕಿಸುವುದರೊಳಗೆ ಎಳೆದು ಬಿಡಿಸುತ್ತದೆ. ಸಿ ಟೈಪ್ 16 ಆಂಪಿನದಾದರೆ ಈ ಕಾಯಿಲ್ ಕೆಲಸ ಮಾಡುವುದು ಅದರ 5ರಿಂದ 10 ಪಟ್ಟು ಕರೆಂಟಿಗೆ, ಅಂದರೆ 80ರಿಂದ 160 ಆಂಪಿಗೆ. ಬಿಡಿಸುವಾಗ ಏಳುವ ಕಿಡಿಯನ್ನು ಸಾಲು ತಗಡುಗಳ ನಡುವೆ ಹಾಯಿಸಿ, ತುಂಡು ಮಾಡಿ ಆರಿಸುತ್ತದೆ.

ಈಗ ಯೋಚಿಸಿ. ಬಚ್ಚಲ ಗೀಸರಿನ ಬಾಡಿಗೆ ಫೇಸ್ ತಾಗಿದೆ ಅಂದುಕೊಳ್ಳಿ. ನಮ್ಮ ಕಡೆಯ ಚಿರೆಕಲ್ಲಿನ ನೆಲದಲ್ಲಿ ಬೇಸಿಗೆಗೆ ಅರ್ಥಿಂಗ್ ಒಣಗಿ ಅದರ ತಡೆ 50 ಓಮ್ ಆಗಿದ್ದರೆ, ನೆಲಕ್ಕೆ ಹರಿಯುವುದು 230 ಭಾಗಿಸು 50, ಬರೀ 4.6 ಆಂಪ್. 16ರ ಎಂಸಿಬಿಗೆ ಅದು ಒಂದು ಇಸ್ತ್ರಿ ಪೆಟ್ಟಿಗೆಯಷ್ಟೇ ಭಾರ, ಸುಮ್ನೆ ಕೂತಿರುತ್ತದೆ. ಬಾಡಿ ಮಾತ್ರ ಕರೆಂಟು ಹಿಡಿದುಕೊಂಡೇ ಇರುತ್ತದೆ. ಮನುಷ್ಯನ ಮೈಯಲ್ಲಿ ಹರಿದು ಜೀವ ತೆಗೆಯಲು ಆಂಪಿನ ಹತ್ತನೇ ಒಂದು ಭಾಗವೂ ಬೇಡ.

ಆರ್‌ಸಿಸಿಬಿ ನೋಡುವುದೇ ಬೇರೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದೇ ಬಳೆಯೊಳಗೆ ಹಾದುಹೋಗುತ್ತವೆ. ಹೋದ ಕರೆಂಟು ಅಷ್ಟೇ ವಾಪಸು ಬಂದರೆ ಬಳೆಯಲ್ಲಿ ಏನೂ ಇಲ್ಲ. ಎಲ್ಲೋ ಸೋರಿ ನೆಲಕ್ಕೆ ಇಳಿದರೆ ಲೆಕ್ಕ ತಪ್ಪುತ್ತದೆ, 30 ಮಿಲಿ ಆಂಪ್ ಮುಟ್ಟುವುದರೊಳಗೆ ಬೀಳುತ್ತದೆ. ಆದರೆ ಓವರ್‌ಲೋಡು ಇದಕ್ಕೆ ಗೊತ್ತೇ ಆಗುವುದಿಲ್ಲ, ಅದಕ್ಕೇ ಎಂಸಿಬಿಯೂ ಬೇಕು. ಎರಡೂ ಕೆಲಸ ಒಂದರಲ್ಲೇ ಮಾಡುವುದು ಆರ್‌ಸಿಬಿಒ.

ಕುಮಟಾದವರೇ, 100 ಮಿಲಿ ಆಂಪಿನದು ಬೆಂಕಿ ತಪ್ಪಿಸಲಿಕ್ಕೆ ಇರುವುದು. ಮೈಗೆ ಕರೆಂಟು ಹೊಡೆದರೆ ಅದನ್ನು ನಂಬಬೇಡಿ. ಸೋರುವ ಜಾಗ ಹಾಗೇ ಇದೆ ಅಲ್ವಾ?

ತೋಟಿಗರೇ, ಅಂಗಳದ ಎಂಸಿಬಿ ಆಫ್ ಮಾಡಿದರೂ ಬೀಳುವುದರಲ್ಲೇ ಸುಳಿವು ಇದೆ. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಹಾಗೇ ಇರುತ್ತದೆ. ಅದು ಒದ್ದೆಯಾಗಿ ನೆಲಕ್ಕೆ ತಾಗಿದ್ದರೆ, ಮನೆಯ ಬೇರೆ ಲೋಡಿನ ಕರೆಂಟಿನಲ್ಲೇ ಒಂದು ಪಾಲು ಆ ದಾರಿಯಲ್ಲಿ ಇಳಿದುಹೋಗುತ್ತದೆ. ಮೇನ್ ಆಫ್ ಮಾಡಿಸಿ, ಅಂಗಳದ ಸಾಲಿನ ನ್ಯೂಟ್ರಲನ್ನು ಬೋರ್ಡಿನಲ್ಲಿ ಎಲ್ಲಾ ನ್ಯೂಟ್ರಲ್ ಸೇರುವ ಲಿಂಕಿನಿಂದ ಬಿಚ್ಚಿಸಿ, ಮೆಗ್ಗರ್ (ತಂತಿಯ ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿಸಿ. ಮಳೆ ಬರುವಾಗಲೇ ಹಾಕಿಸಿ, ಬಿಸಿಲಿಗೆ ಒಣಗಿದ ಮೇಲೆ ಎಲ್ಲಾ ಚೆನ್ನಾಗಿಯೇ ತೋರಿಸುತ್ತದೆ.

ಶಿರಸಿ ತೋಟಿಗ:
ಅಣ್ಣಾ, ಸಿಕ್ಕಿತು! ಬೇರೆ ಎಲೆಕ್ಟ್ರಿಶಿಯನ್ ಕರೆಸಿದೆ. ಗೇಟಿನ ಹತ್ತಿರದ ಕಬ್ಬಿಣದ ಪೈಪಿನ ಕಂಬದೊಳಗೆ ನ್ಯೂಟ್ರಲ್ ಜಾಯಿಂಟು, ಬರೀ ಟೇಪು ಸುತ್ತಿದ್ದು. ಟೇಪು ಬಿಚ್ಚಿದರೆ ಒಳಗೆ ನೀರು, ತಾಮ್ರ ಹಸಿರುಗಟ್ಟಿತ್ತು. ಪೈಪಿಗೆ ಮೇಲೆ ಮುಚ್ಚಳವೇ ಇರಲಿಲ್ಲ. ಜಾಯಿಂಟಿಲ್ಲದ ಹೊಸ ತಂತಿ ಎಳೆಸಿದೆ. ನಿನ್ನೆ ರಾತ್ರಿ ಗುಡುಗು ಸಮೇತ ಸುರಿದರೂ ಬೀಳಲಿಲ್ಲ. ಇನ್ನೊಂದು ಪ್ರಶ್ನೆ: ಬಾವಿ ಪಂಪು ಚಾಲು ಮಾಡಿದ ಕೂಡಲೇ ಅದರ ಎಂಸಿಬಿ ಒಮ್ಮೊಮ್ಮೆ ಬೀಳುತ್ತದೆ. ಅದೂ ಸೋರಿಕೆಯಾ?

ಕಾರವಾರ ಸಬ್‌ಸ್ಟೇಷನ್:
ತುಂಬಾ ಸಂತೋಷ ಆಯಿತು. ಪಂಪಿನದು ಸೋರಿಕೆಯಲ್ಲ. ಮೋಟರು ಏಳುವಾಗ ಓಡುವ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. ಎಂಸಿಬಿ ಮೇಲೆ ಆಂಪಿನ ಅಂಕಿಗಿಂತ ಮೊದಲಿರುವ ಅಕ್ಷರ ನೋಡಿ. ಬಿ ಇದ್ದರೆ 3ರಿಂದ 5 ಪಟ್ಟು ಕರೆಂಟಿಗೇ ಬೀಳುತ್ತದೆ. ಅಷ್ಟೇ ಆಂಪಿನ ಸಿ ಹಾಕಿಸಿ. ಆಂಪು ಮಾತ್ರ ಏರಿಸಬೇಡಿ, ತಂತಿ ಸುಡುತ್ತದೆ. ಸಿ ಹಾಕಿದರೂ ಬಿದ್ದರೆ ಕೆಪಾಸಿಟರ್, ಬೇರಿಂಗ್ ನೋಡಿಸಿ. ಹಾಗೇ ಆರ್‌ಸಿಸಿಬಿಯ "ಟಿ" (ಟೆಸ್ಟ್) ಬಟನ್ ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಅವತ್ತೇ ಬದಲಾಯಿಸಿ.