ಕೂವೆ ವಾಲಿದೆ, ಹಳದಿಯೂ ತಪ್ಪಂತೆ

ವಿದ್ಯಾನಗರದ ಮೇಷ್ಟರು, ದಾವಣಗೆರೆ

ನಿವೃತ್ತಿಯಾದ ಮೇಲೆ ಕೈ ಖಾಲಿ ಇರಬಾರದೆಂದು ಮಗ ಒಂದು ಪ್ಲಾಸ್ಟಿಕ್ ಹಡಗಿನ ಪೆಟ್ಟಿಗೆ ತಂದುಕೊಟ್ಟ. ಎಚ್‌ಎಂಎಸ್ ವಿಕ್ಟರಿ, ನೂರಕ್ಕೆ ಒಂದರ ಅಳತೆ. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕಾಳಗದಲ್ಲಿ ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್ ಗುಂಡು ತಗುಲಿ ಪ್ರಾಣ ಬಿಟ್ಟದ್ದು ಇದೇ ಹಡಗಿನಲ್ಲಿ. ಹನ್ನೊಂದು ತಿಂಗಳು ಕುಳಿತು ಒಡಲು ಮುಗಿಸಿದೆ. ಕಪ್ಪು ಪಟ್ಟಿ, ಸಾಸಿವೆ ಹಳದಿ ಪಟ್ಟಿ, ಹಳದಿಯ ಮೇಲೆ ಫಿರಂಗಿ ಕಿಂಡಿಗಳ ಕಪ್ಪು ಮುಚ್ಚಳ. ದೂರದಿಂದ ಚದುರಂಗದ ಹಾಸಿನಂತೆ ಕಾಣುತ್ತದೆ.

ಅಲ್ಲಿಯವರೆಗೆ ಸರಿಯಿತ್ತು. ಆಮೇಲೆ ನಡುಗೂವೆಯ (ಕೂವೆ ಎಂದರೆ ಹಾಯಿ ಕಟ್ಟುವ ಕಂಬ) ಎಡಗಡೆಯ ಷ್ರೌಡ್‌ಗಳನ್ನು, ಅಂದರೆ ಕೂವೆಯನ್ನು ಪಕ್ಕಕ್ಕೆ ಬಿಗಿದು ನಿಲ್ಲಿಸುವ ಹಗ್ಗಗಳನ್ನು, ಕೆಳತುಂಡಿನವನ್ನೂ ಮೇಲ್ತುಂಡಿನವನ್ನೂ ಸೇರಿಸಿ ಒಂದೇ ಭಾನುವಾರ ಕಟ್ಟಿ ಮುಗಿಸಿದೆ. ಬಲಗಡೆ ಮುಂದಿನ ವಾರಕ್ಕೆ ಎಂದುಕೊಂಡೆ. ಬುಧವಾರದ ಹೊತ್ತಿಗೆ ಕೂವೆಯ ಮೇಲ್ತುಂಡು ಎಡಕ್ಕೆ ಬಾಗಿತ್ತು. ಗಾಳಿಗೆ ಸಿಕ್ಕ ಮೆಕ್ಕೆಜೋಳದ ದಂಟಿನಂತಿದೆ ಎಂದು ಮನೆಯವರು ನಗುತ್ತಿದ್ದಾರೆ. ಸಾಲದೆಂಬಂತೆ ನೋಡಲು ಬಂದ ಗೆಳೆಯರೊಬ್ಬರು, ಹಳದಿ ಬಣ್ಣವೇ ತಪ್ಪು ಎಂದು ಹೇಳಿ ಚಹಾ ಕುಡಿದು ಹೋದರು. ಎಲ್ಲವನ್ನೂ ಬಿಚ್ಚಬೇಕೇ? ಬಣ್ಣ ಬದಲಿಸಬೇಕೇ?

ಹರಿಹರದ ಹುಡುಗ

ಬಿಚ್ಚಬೇಡಿ ಸರ್. ಬಲಗಡೆಯ ದಾರಗಳನ್ನು ಇನ್ನಷ್ಟು ಬಿಗಿಯಾಗಿ ಎಳೆದು ಸೂಪರ್ ಗ್ಲೂ ಹಾಕಿಬಿಡಿ, ನೇರವಾಗುತ್ತದೆ. ಮೇಲೆ ಹಾಯಿ ಏರಿಸಿದರೆ ಕೂವೆಯನ್ನು ಯಾರೂ ನೋಡುವುದಿಲ್ಲ.

ಸ್ಟೇ ವೈರ್, ಹಿರಿಯೂರು

ತಮ್ಮಾ, ಹಾಗೆ ಮಾಡಿದರೆ ಕೂವೆ ನೇರವಾಗುವುದಿಲ್ಲ, ಇಂಗ್ಲಿಷಿನ ಎಸ್ ಅಕ್ಷರವಾಗುತ್ತದೆ.

ಮೇಷ್ಟರೇ, ವಾಣಿ ವಿಲಾಸ ಸಾಗರದ ದೋಣಿ ಬಿಟ್ಟರೆ ನಾನು ಬೇರೆ ಹಡಗು ಹತ್ತಿದವನಲ್ಲ. ಆದರೆ ವಿದ್ಯುತ್ ಕಂಬ ಹತ್ತಿ ಇಪ್ಪತ್ತೆರಡು ವರ್ಷವಾಯಿತು. ನಿಮ್ಮ ಹಡಗಿನವರು ಸ್ಟೇ ಎನ್ನುವುದನ್ನು ನಾವೂ ಸ್ಟೇ ಎಂದೇ ಕರೆಯುತ್ತೇವೆ, ಕೆಲಸವೂ ಒಂದೇ, ಕಂಬ ವಾಲದಂತೆ ಎಳೆದು ಹಿಡಿಯುವುದು. ತಿರುವಿನಲ್ಲಿರುವ ಕಂಬಕ್ಕೆ ತಂತಿ ಎಳೆಯುವ ಮೊದಲೇ ಎದುರು ದಿಕ್ಕಿಗೆ ಸ್ಟೇ ಕೊಡಬೇಕು. ತಂತಿ ಎಳೆದ ಮೇಲೆ ಕೊಡುತ್ತೇನೆ ಎಂದರೆ ಕಂಬ ಬೆಳಗಾಗುವವರೆಗೆ ಕಾಯುವುದಿಲ್ಲ. ನೀವು ಎಡಗಡೆಯದನ್ನೆಲ್ಲ ಒಂದೇ ಸಲ ಬಿಗಿದಿರಿ, ಪ್ಲಾಸ್ಟಿಕ್ ನಾಲ್ಕು ದಿನ ತಡೆದುಕೊಂಡದ್ದೇ ಹೆಚ್ಚು. ನಾಯಕನಹಟ್ಟಿಯ ತೇರಿನ ಮಿಣಿಯನ್ನು ಒಂದು ಕಡೆಯವರು ಮಾತ್ರ ಎಳೆದರೆ ತೇರು ಎತ್ತ ಹೋಗುತ್ತದೆ?

ಮೊದಲು ಬಲಕ್ಕೆ ಒಂದು ಜೋಡಿ, ಆಮೇಲೆ ಎಡಕ್ಕೆ ಒಂದು ಜೋಡಿ, ಮುಂದಿನಿಂದ ಹಿಂದಕ್ಕೆ. ಎರಡೂ ಪಕ್ಕದ ಎಲ್ಲ ಜೋಡಿ ಕುಳಿತ ಮೇಲೆ ಮುಂದಕ್ಕೆ ಎಳೆಯುವ ಸ್ಟೇ. ಬಿಗಿತ ಎಷ್ಟಿರಬೇಕೆಂದರೆ ದಾರ ಜೋಲು ಬೀಳಬಾರದು, ಅಷ್ಟೇ. ಬೆರಳಿನಿಂದ ಮೀಟಿದರೆ ನಾದ ಬರಬಾರದು.

ಮುಂಬಯಿ ತೇಗ, ಚಿತ್ರದುರ್ಗ

ನಿಜವಾದ ಹಡಗಿನಲ್ಲೂ ಇದೇ ಕ್ರಮ. ಒಂದು ಉದ್ದ ಹಗ್ಗವನ್ನು ನಡುವೆ ಮಡಚಿ, ಮಡಿಕೆಯನ್ನು ಕುಣಿಕೆ ಮಾಡಿ ಕೂವೆಯ ತಲೆಗೆ ತೊಡಿಸುತ್ತಿದ್ದರು. ಅದರ ಎರಡು ತುದಿಗಳೇ ಒಂದು ಜೋಡಿ ಷ್ರೌಡ್. ಒಂದು ಕುಣಿಕೆ ಬಲದ್ದು, ಅದರ ಮೇಲೆ ಎಡದ್ದು, ಎಲ್ಲದರ ಮೇಲೆ ಸ್ಟೇಯ ಕುಣಿಕೆ.

ಬಣ್ಣದ ವಿಷಯದಲ್ಲಿ ನಿಮ್ಮ ಗೆಳೆಯರ ಮಾತು ಅರ್ಧ ಸರಿ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಒಣ ಕಟ್ಟೆಯೊಳಗೆ 1922ರಿಂದ ನಿಂತಿರುವ ಹಡಗಿನ ಮೇಲಿನ ಬಣ್ಣದ ಪದರಗಳನ್ನು ಕೆರೆದು ಪರೀಕ್ಷಿಸಿದರು. ಟ್ರಫಾಲ್ಗರ್ ಕಾಲದ ಪದರ ನಾವೆಲ್ಲ ಚಿತ್ರಗಳಲ್ಲಿ ಕಂಡ ಸಾಸಿವೆ ಹಳದಿಯಲ್ಲ, ಬಿಳಿಚಿದ, ಸ್ವಲ್ಪ ಕೆಂಪು ಬೆರೆತ ತಿಳಿ ಮಣ್ಣಿನ ಬಣ್ಣ. 2015ರಲ್ಲಿ ಹಡಗಿಗೆ ಅದನ್ನೇ ಬಳಿದರು. ಆದ್ದರಿಂದ 1805ರ ಹಡಗು ಎಂದು ಫಲಕ ಬರೆದು ಸಾಸಿವೆ ಬಳಿದರೆ ಅದು ತಪ್ಪು.

ಇನ್ನೊಂದು ಮಾತು. ಹಡಗೇ ಕಟ್ಟಬೇಕೆಂದರೆ ನೆಲ್ಸನ್ ಮಹಾಶಯನದೇ ಏಕೆ? ಬೊಂಬಾಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಜಮಷೇಟ್‌ಜಿ ಬೊಮನ್‌ಜಿಯವರು ಮಲಬಾರಿನ ತೇಗದಿಂದ ಕಟ್ಟಿದ ಟ್ರಿಂಕೋಮಲಿ ಇಲ್ಲವೇ? 1817ರಲ್ಲಿ ನೀರಿಗಿಳಿದ ಆ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲೆ ತೇಲುತ್ತಿದೆ. ನಿಮ್ಮ ವಿಕ್ಟರಿ ಕಟ್ಟೆ ಹತ್ತಿ ನೂರು ವರ್ಷವಾಯಿತು.

ವಿದ್ಯಾನಗರದ ಮೇಷ್ಟರು

ಟ್ರಿಂಕೋಮಲಿಯ ಬಗ್ಗೆ ಗೌರವವಿದೆ. ನನ್ನ ಮೇಜಿನ ಮೇಲಿರುವುದು ವಿಕ್ಟರಿ. ಮದುವೆ ಮಂಟಪಕ್ಕೆ ಬಂದು ಬೇರೆ ಹುಡುಗಿಯ ಜಾತಕ ತೋರಿಸಬೇಡಿ.

ಕುಂಚ, ದಾವಣಗೆರೆ

ಫ್ಲೆಕ್ಸ್ ಬರುವ ಮೊದಲು ಈ ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವಳು ನಾನು. ಪದರ ಕೆರೆದು ಬಣ್ಣ ಹೇಳುವವರ ಮೇಲೆ ನನಗೆ ಅನುಮಾನ. ಇನ್ನೂರು ವರ್ಷ ಮುಚ್ಚಿದ್ದ ಬಣ್ಣ ಮಾಸಿರುವುದಿಲ್ಲವೇ? ಹಳದಿಯೇ ಬಿಳಿಚಿಕೊಂಡಿರಬಹುದು. ಮೇಷ್ಟರೇ, ಚಿತ್ರ ನೋಡಿದೆ, ಪಟ್ಟಿಯ ಅಂಚು ಚೆನ್ನಾಗಿ ಬಂದಿದೆ. ಬದಲಿಸಬೇಡಿ.

ಮುಂಬಯಿ ತೇಗ

ಅಕ್ಕ, ಆ ಬಣ್ಣ ಅಗಸೆ ಎಣ್ಣೆಯಲ್ಲಿ ಕಲಸಿದ್ದು. ಬೆಳಕು ಕಾಣದೆ ಮುಚ್ಚಿಟ್ಟ ಅಗಸೆ ಎಣ್ಣೆಯ ಬಣ್ಣ ಹಳದಿಗೆ ತಿರುಗುತ್ತದೆಯೇ ಹೊರತು ಬೆಳ್ಳಗಾಗುವುದಿಲ್ಲ. ನಿಮಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರು? ಹಾಗಾದರೆ ಹೊಸದರಲ್ಲಿ ಅದು ಇನ್ನೂ ತಿಳಿಯಾಗಿಯೇ ಇದ್ದಿರಬೇಕು.

ಕುಂಚ

ಎಣ್ಣೆಯ ಮಾತು ಒಪ್ಪಿದೆ. ಗೋಡೆಗೆ ಒರಗಿಸಿಟ್ಟ ಹಳೆಯ ಬೋರ್ಡುಗಳ ಬಿಳಿ ಹಿಂಭಾಗದಲ್ಲಿ ಹಾಗೆಯೇ ಹಳದಿಯಾಗುತ್ತಿತ್ತು.

ಆದರೆ ಇದನ್ನೂ ಕೇಳಿ. ಬಯಲ ಬಿಸಿಲಿನಲ್ಲಿ ನಿಂತ ಎಪ್ಪತ್ತು ಮೀಟರಿನ ಹಡಗಿನ ಬಣ್ಣವನ್ನು ಡಬ್ಬಿಯಿಂದ ಹಾಗೆಯೇ ತೆಗೆದು ಎಪ್ಪತ್ತು ಸೆಂಟಿಮೀಟರಿನ ಗೊಂಬೆಗೆ ಬಳಿಯುವಂತಿಲ್ಲ. ದೂರದ ಬೆಟ್ಟ ಬಿಳಿಚಿ ಕಾಣುವುದಿಲ್ಲವೇ? ಸಣ್ಣ ಹಡಗೆಂದರೆ ದೂರದಲ್ಲಿರುವ ಹಡಗು. ಆದ್ದರಿಂದ ಪ್ರತಿ ಬಣ್ಣಕ್ಕೂ ಸ್ವಲ್ಪ ಬಿಳಿ ಅಥವಾ ಬೂದು ಬೆರೆಸಬೇಕು. ಕಪ್ಪು ಪಟ್ಟಿಗೆ ಅಪ್ಪಟ ಕಪ್ಪು ಬೇಡವೇ ಬೇಡ, ಕಾವಲಿಯ ತಳದಂತೆ ಕಾಣುತ್ತದೆ. ಮೇಲೆ ಮಿಂಚಿಲ್ಲದ ವಾರ್ನಿಷ್. ತಳದ ತಾಮ್ರಕ್ಕೂ ಹೊಸ ಚೊಂಬಿನ ಹೊಳಪು ಕೊಡಬೇಡಿ.

ಮುಂಬಯಿ ತೇಗ

ಹೌದು, ತಾಮ್ರದ ತಗಡು ಹೊದಿಸಿದ್ದು 1780ರಲ್ಲಿ. ಕಾಳಗದ ಹೊತ್ತಿಗೆ ಸಮುದ್ರದ ನೀರು ಕುಡಿದ ತಾಮ್ರ ಕಂದಾಗಿ, ನೀರಿನ ಗೆರೆಯ ಬಳಿ ಹಸಿರು ಕಿಲುಬು ಹಿಡಿದಿರುತ್ತದೆ. ಹಾಗಾದರೆ, ಅಕ್ಕ, ಸಾಸಿವೆಗೆ ಬಿಳಿ ಬೆರೆಸುತ್ತಾ ಹೋದರೆ ನೀವು ಎಲ್ಲಿಗೆ ತಲುಪುತ್ತೀರಿ? ನನ್ನ ತಿಳಿ ಮಣ್ಣಿನ ಬಣ್ಣದ ಹತ್ತಿರಕ್ಕೇ.

ಕುಂಚ

ಹತ್ತಿರಕ್ಕೆ. ಅಲ್ಲಿಗೇ ಅಲ್ಲ.

ಮಿಲ್ ನೂಲು, ದಾವಣಗೆರೆ

ಎಲ್ಲರೂ ಬಣ್ಣದಲ್ಲೇ ಮುಳುಗಿದ್ದೀರಿ. ಚಿತ್ರ ದೊಡ್ಡದು ಮಾಡಿ ನೋಡಿ, ಆ ದಾರ ಏನು ದಪ್ಪ! ಮಿಲ್ಲಿನಲ್ಲಿ ಹದಿನಾರು ವರ್ಷ ನೂಲು ತೆಗೆದವನಿಗೆ ಕಣ್ಣು ಅಲ್ಲಿಗೇ ಹೋಗುತ್ತದೆ. ಮೇಷ್ಟರೇ, ಹಗ್ಗದ ಅಳತೆ ಎಲ್ಲಿಂದ ತೆಗೆದುಕೊಂಡಿರಿ?

ವಿದ್ಯಾನಗರದ ಮೇಷ್ಟರು

ಹಳೆಯ ಕೋಷ್ಟಕವೊಂದರಲ್ಲಿ 9 ಇಂಚಿನ ಹಗ್ಗ ಎಂದಿತ್ತು. ನೂರರಿಂದ ಭಾಗಿಸಿದೆ, 2.3 ಮಿಲಿಮೀಟರ್ ಬಂತು. ಅಷ್ಟು ದಪ್ಪ ಅತಿಯಾಯಿತೆಂದು 1.5 ಹಾಕಿದೆ.

ಮಿಲ್ ನೂಲು

ಗಣಿತದ ಮೇಷ್ಟರೇ ಅಲ್ಲವೇ ನೀವು! ಹಡಗಿನವರು ಹಗ್ಗದ ಸುತ್ತಳತೆ ಹೇಳುತ್ತಿದ್ದರು, ಅಡ್ಡಳತೆಯನ್ನಲ್ಲ. 9 ಇಂಚನ್ನು 3.14ರಿಂದ ಭಾಗಿಸಿ. ಮೂರು ಇಂಚಿಗೂ ಕಡಿಮೆ, ನಿಮ್ಮ ಹಡಗಿಗೆ 0.7 ಮಿಲಿಮೀಟರ್. ನೀವು ಎರಡು ಪಟ್ಟು ದಪ್ಪ ಕಟ್ಟಿದ್ದೀರಿ. ದಪ್ಪ ದಾರ ಕೂರಲು ಹೆಚ್ಚು ಎಳೆಯಬೇಕು. ಕೂವೆ ಬಾಗಿದ್ದರಲ್ಲಿ ಅದರ ಪಾಲೂ ಇದೆ.

ನೂಲಿನ ನಂಬರ್ ಏರಿದಷ್ಟೂ ಎಳೆ ತೆಳ್ಳಗಾಗುತ್ತದೆ. ಒಂದು ಪೌಂಡ್ ಹತ್ತಿ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಸಿಗುತ್ತವೆಯೋ ಅದೇ ನಂಬರ್. ಆದ್ದರಿಂದ 20ರ ನೂಲು, 40ರ ನೂಲು ಎರಡನ್ನೂ ತಂದು ನೀವೇ ಹೊಸೆದುಕೊಳ್ಳಿ. ಸಾಧಾರಣ ಹಗ್ಗಕ್ಕೆ ಬಲಹುರಿ. ಲಂಗರಿನ ಹಗ್ಗ ಮಾತ್ರ ಮೂರು ಬಲಹುರಿ ಹಗ್ಗಗಳನ್ನು ಸೇರಿಸಿ ಎಡಕ್ಕೆ ಹೊಸೆದದ್ದು. ಹತ್ತಿಗೆ ಜುಂಗು ಜಾಸ್ತಿ, ಜೇನುಮೇಣದ ಉಂಡೆಯ ಮೇಲೆ ಎರಡು ಸಲ ಎಳೆದರೆ ಮಲಗುತ್ತದೆ. ಗಂಟಿಗೆ ಸೂಪರ್ ಗ್ಲೂ ಬೇಡ, ಬಿಳಿ ಪೊರೆ ಬಿಟ್ಟು ದಾರವನ್ನು ಕಡ್ಡಿ ಮಾಡುತ್ತದೆ, ಆಮೇಲೆ ಪಟ್ಟನೆ ಮುರಿಯುತ್ತದೆ. ನೀರು ಬೆರೆಸಿದ ಮರದ ಅಂಟು ಸಾಕು.

ಬಣ್ಣದ ಮಾತೂ ಬಂತೆನ್ನಿ. ಕೂವೆ ಹಿಡಿಯುವ ಕಾಯಂ ಹಗ್ಗಕ್ಕೆ ಪೈನ್ ಮರದ ಟಾರು ಬಳಿಯುತ್ತಿದ್ದರು, ಗಾಡಿಯ ಕೀಲೆಣ್ಣೆ ಹತ್ತಿದ ಹಗ್ಗದಂತೆ ಕರಿಗಂದು. ಹಾಯಿ ಏರಿಸಿ ಇಳಿಸುವ ಹಗ್ಗ ರಾಟೆಯಲ್ಲಿ ಓಡಬೇಕು, ಅದು ಪುಂಡಿನಾರಿನ ಬಣ್ಣ. ಎಲ್ಲ ದಾರವೂ ಕಪ್ಪಾದರೆ ಹಡಗು ಜೇಡರ ಬಲೆಯಾಗುತ್ತದೆ.

ಹರಿಹರದ ಹುಡುಗ

ಇಷ್ಟೆಲ್ಲ ಬಿಚ್ಚಿ ಕಟ್ಟುವುದಕ್ಕಿಂತ ಮೇಲ್ಗೂವೆಗಳನ್ನೇ ತೆಗೆದುಬಿಟ್ಟರೆ? ಈಗಿನ ಹಡಗಿನ ಚಿತ್ರಗಳಲ್ಲಿ ಅವು ಕಾಣುವುದೇ ಇಲ್ಲ.

ಮುಂಬಯಿ ತೇಗ

ತಮಾಷೆಗೆ ಹೇಳಿದೆಯೋ ಏನೋ, ಹುಡುಗ ಹೇಳಿದ್ದರಲ್ಲಿ ಸತ್ಯವಿದೆ. 2011ರಲ್ಲಿ ದುರಸ್ತಿಗೆಂದು ಮೇಲ್ಗೂವೆಗಳನ್ನೂ ಅಡ್ಡಮರಗಳನ್ನೂ ಇಳಿಸಿದರು. 2015ರಲ್ಲಿ ತಿಳಿ ಬಣ್ಣ ಬಳಿದಾಗ ಹಡಗು ಮೊಟಕಾಗಿಯೇ ನಿಂತಿತ್ತು. ಇಲ್ಲಿಯೇ ಮೇಷ್ಟರು ಸಿಕ್ಕಿಬೀಳುವುದು. ಈಗಿನ ಹಡಗಿನಂತೆ ಕೂವೆಯನ್ನು ಮೊಟಕು ಮಾಡಿದರೆ ಸಾಸಿವೆ ಬಣ್ಣ ಹೋಗಬೇಕು. ಮೊಟಕು ಕೂವೆಗೆ ಸಾಸಿವೆ ಇದ್ದದ್ದು 2011ರಿಂದ 2015ರವರೆಗಿನ ದುರಸ್ತಿಯ ಹಡಗಿನಲ್ಲಿ ಮಾತ್ರ. ಸಾಸಿವೆಯೂ ಪೂರ್ತಿ ಕೂವೆಯೂ ಉಳಿಯಬೇಕೆಂದರೆ 2011ಕ್ಕೆ ಮೊದಲಿನ ಪೋರ್ಟ್ಸ್‌ಮತ್ ಹಡಗಾಗುತ್ತದೆ, ಆಗ ಮೇಲ್ಗೂವೆ ನೇರವಾಗಿ ನಿಲ್ಲಲೇಬೇಕು. 1805 ಎಂದರೆ ತಿಳಿ ಬಣ್ಣವೂ ಬೇಕು, ಪೂರ್ತಿ ಕೂವೆಯೂ ಬೇಕು. ಬಾಗಿದ ಕೂವೆ, ಸಾಸಿವೆ ಬಣ್ಣ ಎರಡನ್ನೂ ಹಾಗೆಯೇ ಉಳಿಸಿಕೊಳ್ಳುವ ಇಸವಿ ಯಾವುದೂ ಇಲ್ಲ. ಮೊದಲು ಇಸವಿ ಹೇಳಿ ಮೇಷ್ಟರೇ.

ವಿದ್ಯಾನಗರದ ಮೇಷ್ಟರು

ನಾನು ಮಕ್ಕಳಿಗೆ ಕೇಳುತ್ತಿದ್ದ ಧಾಟಿಯಲ್ಲೇ ಕೇಳುತ್ತಿದ್ದೀರಿ. ನಾಳೆ ಹೇಳುತ್ತೇನೆ.

ಸ್ಟೇ ವೈರ್, ಹಿರಿಯೂರು

ಇಸವಿ ಯಾವುದೇ ಆಗಲಿ, ಕೂವೆಯೊಳಗೆ ಲೋಹ ತೂರಿಸಿ. ಮೇಲ್ತುಂಡನ್ನು ಎರಡು ಹೋಳಾಗಿ ಅಂಟಿಸುವಾಗ ನಡುವೆ ಸೈಕಲ್ ಚಕ್ರದ ಕಡ್ಡಿ, ತುದಿಯ ಸಣ್ಣ ತುಂಡಿಗೆ ಊದುಬತ್ತಿಯ ಬಿದಿರು. ಮೋಸ ಎನ್ನಬೇಡಿ.

ಮುಂಬಯಿ ತೇಗ

ಮೋಸ ಎನ್ನುವುದು ಹೇಗೆ? ಪೋರ್ಟ್ಸ್‌ಮತ್‌ನಲ್ಲಿದ್ದ ವಿಕ್ಟರಿಯ ಕೆಳಗೂವೆಗಳೇ ಕಬ್ಬಿಣದ ಕೊಳವೆಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಷಾ ಎಂಬ ಇನ್ನೊಂದು ಹಡಗಿನಿಂದ ತಂದು ನಿಲ್ಲಿಸಿದ್ದು.

ವಿದ್ಯಾನಗರದ ಮೇಷ್ಟರು

1805.

ಬ್ಲೇಡಿನಿಂದ ದಾರಗಳನ್ನೆಲ್ಲ ಕತ್ತರಿಸಿದೆ. ಕತ್ತರಿಸುತ್ತಿದ್ದಂತೆಯೇ ಕೂವೆ ಅರ್ಧ ತಾನಾಗಿ ಎದ್ದು ನಿಂತಿತು, ನನಗೇ ನಾಚಿಕೆಯಾಯಿತು. ಉಳಿದರ್ಧಕ್ಕೆ ಬೀಳಿಸಿದ ಬಿಸಿನೀರು ಕೆಲಸ ಮಾಡಲಿಲ್ಲ. ಅಂಟಿನ ಗೆರೆ ಬಿಡಿಸಿ ಸೈಕಲ್ ಕಡ್ಡಿ ಇಟ್ಟಿದ್ದೇನೆ. ಕಡ್ಡಿ ಕೊಟ್ಟ ಸೈಕಲ್ ಅಂಗಡಿಯವನು ಯಾವ ಸೈಕಲ್ಲಿಗೆಂದು ಕೇಳಿದ, ಹಡಗಿಗೆ ಎಂದೆ, ದುಡ್ಡು ತೆಗೆದುಕೊಳ್ಳಲಿಲ್ಲ. ಮಿಲ್ ನೂಲಿನವರೇ, 40ರ ನೂಲಿನ ಒಂದು ಕೋನ್ ಎಲ್ಲಿ ಸಿಗುತ್ತದೆ? ಕುಂಚ ಅವರೇ, ಬಿಳಿಯ ಜೊತೆಗೆ ಕೆಂಪು ಎಷ್ಟು ಬೆರೆಸಲಿ? ಸಾಸಿವೆಯನ್ನು ಉಜ್ಜಿ ತೆಗೆಯಬೇಕೇ?

ಕುಂಚ

ಉಜ್ಜಬೇಡಿ, ಅಂಚು ಹಾಳಾಗುತ್ತದೆ. ಮೇಲೆಯೇ ತೆಳುವಾಗಿ ಎರಡು ಕೋಟ್ ಹೊಡೆಯಿರಿ. ಈ ಬಿಸಿಲಿನಲ್ಲಿ ಬಣ್ಣ ಕುಂಚದ ತುದಿಯಲ್ಲೇ ಒಣಗುತ್ತದೆ, ಬೆಳಗ್ಗೆ ಏಳರೊಳಗೆ ಮುಗಿಸಿ. ಕೆಂಪನ್ನು ಕಡ್ಡಿಯ ತುದಿಯಲ್ಲಿ ಮುಟ್ಟಿಸಿದಷ್ಟು ಮಾತ್ರ. ಭಾನುವಾರ ನಾನೇ ಬಂದು ಕಲಸಿಕೊಡುತ್ತೇನೆ, ಬೆಣ್ಣೆ ದೋಸೆ ನಿಮ್ಮದು. ಆದರೂ ಹೇಳುತ್ತೇನೆ, ಸಾಸಿವೆಯೇ ಚೆನ್ನಾಗಿತ್ತು.