ಸ್ಕ್ಯಾಫೋಲ್ಡಿಂಗ್‌ಗೆ ಫಲಕದಲ್ಲಿ ಹಾಕುವಂಥ ಕನ್ನಡ ಪದ ಬೇಕು (ತುರ್ತು)

ಕಡಲತಡಿ ಬರೆದದ್ದು:

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆಯ ಒಂದು ಹಳೇ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಚಾವಣಿ ಚಿತ್ರಗಳ ದುರಸ್ತಿ ನಡೆಯುತ್ತಿದೆ. ಒಳಗೆ ನೆಲದಿಂದ ಮೇಲಿನವರೆಗೆ ಕಬ್ಬಿಣದ ಪೈಪು ಕಟ್ಟಿ ಹಲಗೆ ಹಾಸಿದ್ದಾರೆ. ಪೂಜೆ ಮಾತ್ರ ನಿಂತಿಲ್ಲ. ಜನ ಅದರ ಕೆಳಗೇ ಕೂತು ಪ್ರಾರ್ಥನೆ ಮಾಡುತ್ತಾರೆ, ಮಕ್ಕಳು ಪೈಪು ಹಿಡಿದು ಹತ್ತಲು ನೋಡುತ್ತಾರೆ. ಫಲಕ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ನಾಳೆ ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು.

ಇರುವುದು ಎರಡೇ ಸಾಲು. "ಸ್ಕ್ಯಾಫೋಲ್ಡಿಂಗ್ ಹತ್ತಬೇಡಿ, ಅದಕ್ಕೆ ಒರಗಬೇಡಿ" ಅನ್ನುವುದು ಒಂದು. "ಈ ಸ್ಕ್ಯಾಫೋಲ್ಡಿಂಗ್ ತಾನೇ ನಿಂತಿದೆ, ಗೋಡೆಗೆ ಎಲ್ಲೂ ತೂತು ಕೊರೆದಿಲ್ಲ" ಅನ್ನುವುದು ಇನ್ನೊಂದು. ಇದು ಯಾಕೆ ಬೇಕಾಯಿತೆಂದರೆ, ಗೋಡೆ ಕೊರೆದು ಚಿತ್ರ ಹಾಳು ಮಾಡುತ್ತಿದ್ದಾರೆ ಅಂತ ಊರಲ್ಲಿ ಗುಲ್ಲೆದ್ದಿದೆ.

ಮೊದಲು ಅಟ್ಟಣಿಗೆ ಅಂತ ಬರೆದೆ. ಇಗರ್ಜಿಯ ಹಿರಿಯರೊಬ್ಬರು ನೋಡಿ, "ಅದು ಹಾಡುವವರು ನಿಲ್ಲುವ ಜಾಗ ಅಲ್ವಾ? ಅಲ್ಲಿಗೆ ಹತ್ತಬೇಡಿ ಅಂದರೆ ಹಾಡುವವರು ಯಾರು?" ಅಂದರು. ಬೇರೆ ಪದ ಹೇಳಿ ಪುಣ್ಯ ಕಟ್ಟಿಕೊಳ್ಳಿ.

ಬೇರುಹುಡುಕ:

ಸಾರವೆ. ಕಿಟ್ಟೆಲ್ ನಿಘಂಟು ನೋಡಿ. ಅದು 1894ರಲ್ಲಿ ನಿಮ್ಮ ಮಂಗಳೂರಿನಲ್ಲೇ ಅಚ್ಚಾದದ್ದು. ಇದಕ್ಕೆ ತುರ್ತು ಬೇರೆ.

ಹಳೇಮೈಸೂರಿಗ:

ಸಾರವೆ ಸರಿ. ನಮ್ಮಲ್ಲಿ ಸಾರುವೆ ಅಂತಲೂ ಅನ್ನುತ್ತಾರೆ. ನನಗೆ ಅನಿಸುವಂತೆ ಇದು ಸರ್ವೆ ಮರದಿಂದ ಬಂದ ಮಾತು. ಸರ್ವೆ ಕಂಬ ನೆಟ್ಟು, ಹಗ್ಗ ಬಿಗಿದು ಕಟ್ಟುತ್ತಿದ್ದರಲ್ಲ, ಅದೇ ಸರ್ವೆ, ಸಾರ್ವೆ, ಸಾರವೆ. ಈಗಲೂ ಬೆಂಗಳೂರಲ್ಲಿ ಸರ್ವೆ ಕಂಬ ಬಾಡಿಗೆಗೆ ಸಿಗುತ್ತದೆ. ಫಲಕದ ಅಡಿಯಲ್ಲಿ ಇದನ್ನೂ ಒಂದು ಸಾಲು ಹಾಕಿದರೆ ಓದುವವರಿಗೆ ಚಂದ.

ಬೇರುಹುಡುಕ:

ದಯವಿಟ್ಟು ಹಾಕಬೇಡಿ. ಸರ್ವೆ, ಅಂದರೆ ಗಾಳಿಮರ, ನಮ್ಮ ನೆಲದ್ದೇ ಅಲ್ಲ. ಕಾರವಾರದ ಕಡಲ ದಂಡೆಯಲ್ಲಿ ಅದನ್ನು ತಂದು ನೆಟ್ಟದ್ದು 1868ರ ಹೊತ್ತಿಗೆ. ತಮಿಳರು ಆ ಮರಕ್ಕೆ ಸವುಕ್ಕು ಅನ್ನುತ್ತಾರೆ. ಆದರೆ ಕಟ್ಟಡಕ್ಕೆ ಕಟ್ಟುವುದನ್ನು ಸಾರಂ ಅನ್ನುತ್ತಾರೆ. ತೆಲುಗಿನಲ್ಲಿ ಸಾರುವ. ಮೂರೂ ಅಕ್ಕತಂಗಿಯರು. ಮರದ ಹೆಸರಿನಿಂದ ಬಂದಿದ್ದರೆ ತಮಿಳರ ಹತ್ತಿರ ಸಾರಂ ಹೇಗೆ ಬಂತು? ಕಿವಿಗೆ ಒಂದೇ ಥರ ಕೇಳಿದ್ದೆಲ್ಲ ನೆಂಟಸ್ತನ ಅಲ್ಲ. ನನ್ನ ಪ್ರಕಾರ 'ಸಾರು' ಧಾತುವೇ ಮೂಲ. ಗೋಡೆಗೆ ಸಾರಿ ನಿಲ್ಲುವುದು, ಅಂದರೆ ಹತ್ತಿರವಾಗಿ ನಿಲ್ಲುವುದು, ಸಾರವೆ.

ಗಾರೆಸಾಕ್ಷಿ:

ನಾನು ಹಳೇ ಕಟ್ಟಡಗಳ ದುರಸ್ತಿ ಕೆಲಸದವನು. ಧಾತು ನೀವೇ ನೋಡಿಕೊಳ್ಳಿ. ಮೇಡಂ ಫಲಕಕ್ಕೆ ಬೇಕಾದ 2 ಮಾತು ಹೇಳುತ್ತೇನೆ.

ಸೈಟಿನಲ್ಲಿ 3 ಬೇರೆ ಬೇರೆ ವಸ್ತು ಇವೆ. ಕೆಲಸದವರು ಹತ್ತಿ ನಿಲ್ಲುವ ಇಡೀ ಕಟ್ಟು ಸಾರವೆ. ಅದರ ಮೇಲೆ ಹಲಗೆ ಹಾಸಿದ ಜಾಗ ಅಟ್ಟಣೆ. ಕಾಂಕ್ರೀಟಿನ ಭಾರ ಹೊರುವುದು ಸೆಂಟ್ರಿಂಗು. ಕಟ್ಟಡವೇ ವಾಲುತ್ತಿದ್ದರೆ ಕೊಡುವುದು ಆಸರೆ, ಅದು ಇನ್ನೂ ಬೇರೆ ಬಾಬತ್ತು. ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚಿನಲ್ಲಿ, ಸಮಾಧಿಯ ಮೇಲಿನ ಪುಟ್ಟ ಮಂಟಪಕ್ಕೆ ಬ್ರಿಟಿಷರು 1947ರಲ್ಲಿ ಕಬ್ಬಿಣದ ತೊಲೆ ಕಟ್ಟಿದರು. 2017ರ ದುರಸ್ತಿಯವರೆಗೂ ಅದು ಹಾಗೇ ಇತ್ತು. ನೋಡಿದವರು ಸಾರವೆ ಅಂದುಕೊಂಡಾರು, ಅದು ಆಸರೆ. ನಿಮ್ಮ ಫಲಕದಲ್ಲಿ "ಆಸರೆ" ಅಂತೇನಾದರೂ ಹಾಕಿದರೆ ಇಗರ್ಜಿ ಬೀಳುತ್ತಿದೆ ಅಂತ ಇನ್ನೊಂದು ಗುಲ್ಲು ಏಳುತ್ತದೆ!

ಎರಡನೆಯ ಸಾಲು ಬಿಡಬೇಡಿ, ಅದೇ ಮುಖ್ಯ. ಹೊಸ ಕಟ್ಟಡದಲ್ಲಾದರೆ ಸಾರವೆಯನ್ನು ಗೋಡೆಗೆ ಬಿಗಿಯುತ್ತೇವೆ. ಚಿತ್ರ ಇರುವ ಕಡೆ ಅದು ಆಗದು. ಗಾರೆ ಮೇಲೇ ಬರೆದ ಚಿತ್ರವಾದರೆ ಒಂದು ಮೊಳೆಗೆ ಅಂಗೈಯಗಲ ಗಾರೆ ಉದುರುತ್ತದೆ, ಜತೆಗೆ ಒಬ್ಬ ಸಂತರ ಮುಖವೂ ಹೋಗುತ್ತದೆ. ಹಾಗಾಗಿ ಅಡಿ ಅಗಲ ಮಾಡಿ, ಒಳಗೆಲ್ಲ ಅಡ್ಡ ಪೈಪು ಕೊಟ್ಟು, ತಾನೇ ನಿಲ್ಲುವ ಹಾಗೆ ಕಟ್ಟುತ್ತಾರೆ. ಹಳೇ ಹೆಂಚಿನ ನೆಲವೋ ಸಮಾಧಿ ಕಲ್ಲೋ ಇದ್ದರೆ ಪ್ರತಿ ಕಾಲಿನ ಕೆಳಗೂ ದಪ್ಪ ಹಲಗೆ. ಗೋಡೆ ಕಡೆಗೆ ಚಾಚಿದ ಪೈಪಿನ ತುದಿಗೆ ಸ್ಪಂಜು ಸುತ್ತುತ್ತಾರೆ. ನಿಮ್ಮಲ್ಲೂ ಸುತ್ತಿದ್ದಾರಾ ನೋಡಿ. ಇಲ್ಲದಿದ್ದರೆ ಫಲಕಕ್ಕಿಂತ ಮೊದಲು ಅದನ್ನು ಹೇಳಿ.

ಒಂದು ಸ್ವಾರಸ್ಯ. ರೋಮಿನ ಸಿಸ್ಟೀನ್ ಚಾಪೆಲ್‌ನಲ್ಲಿ ಮೈಕೆಲಾಂಜೆಲೊ 1508ರಿಂದ 1512ರವರೆಗೆ ಚಾವಣಿ ಬರೆದಾಗ ಸಾರವೆಗೆ ಗೋಡೆಯಲ್ಲಿ ತೂತು ಮಾಡಿಸಿದ್ದ. 1980ರಲ್ಲಿ ಶುರುವಾದ ದುರಸ್ತಿಯಲ್ಲಿ ಹೊಸ ತೂತು ಕೊರೆಯದೆ ಅವೇ ತೂತುಗಳನ್ನು ಬಳಸಿಕೊಂಡರು. ಅಂದಹಾಗೆ ಅವನು ಅಂಗಾತ ಮಲಗಿ ಬರೆದ ಅನ್ನುವುದು ಸುಳ್ಳು. ನಿಂತೇ ಬರೆದದ್ದು, ಕತ್ತು ಎತ್ತಿ.

ಇನ್ನು ಕ್ರಿಯಾಪದ. ಸಾರವೆ ಕಟ್ಟುತ್ತೇವೆ, ಬಿಚ್ಚುತ್ತೇವೆ. 'ಸ್ಥಾಪಿಸಲಾಗಿದೆ' ಅಂತ ಬರೆದರೆ ಅದು ಮೂರ್ತಿ ಆಗುತ್ತದೆ.

ಗಡಿಭಾಗದವ:

ಬೆಳಗಾವಿ ಕಡೆಯಿಂದ. ನಮ್ಮಲ್ಲಿ ಸಾರವೆ ಅಂದರೆ ಬಹಳ ಜನಕ್ಕೆ ತಿಳಿಯಂಗಿಲ್ಲ. ಮರಾಠಿಯ ಪರಾಂಚಿ ಕೇಳಿ ಕೇಳಿ ರೂಢಿ. ತೆಲುಗಿನವರೂ ಪರಂಜಾ ಅನ್ನುತ್ತಾರೆ. ನಿಘಂಟಿನಲ್ಲಿ ಇದ್ದ ಮಾತ್ರಕ್ಕೆ ಫಲಕಕ್ಕೆ ಹೊಂದುತ್ತದಾ?

ಅಚ್ಚನುಡಿ:

ಪರಾಂಚಿ ಬೇಡವೇ ಬೇಡ. ಎರವಲು. ಸಾರವೆಯೂ ಈಗಿನವರಿಗೆ ಗೊತ್ತಿಲ್ಲ. ಹೊಸದಾಗಿ ಕಟ್ಟೋಣ: 'ಏರುಕಟ್ಟು'. ಏರಲು ಕಟ್ಟಿದ್ದು. ಹಾಗೇ ದುರಸ್ತಿ ತೆಗೆದು 'ಸರಿಪಡಿಕೆ', ಇಗರ್ಜಿ ತೆಗೆದು 'ಏಸುಗುಡಿ' ಮಾಡಿ. ಎಲ್ಲಿಯವರೆಗೆ ಎರವಲು ಸಾಮಾನಿನಲ್ಲಿ ಸಂಸಾರ?

ಬೇರುಹುಡುಕ:

ಇರುವ ಪದ ಬಿಟ್ಟು ಇಲ್ಲದ್ದನ್ನು ಹುಟ್ಟಿಸುವುದು ಯಾವ ಸೀಮೆಯ ಅಚ್ಚನುಡಿ? ಸಾರವೆ ಅಪ್ಪಟ ನಮ್ಮದು.

ಹಳೇಮೈಸೂರಿಗ:

"ಏರುಕಟ್ಟು" ಅಂದರೆ ಹತ್ತು ಅಂತ ಕರೆದ ಹಾಗಿದೆ. ಹತ್ತಬೇಡಿ ಅನ್ನುವ ಫಲಕಕ್ಕೆ!

ಕಡಲತಡಿ:

ಇಗರ್ಜಿ ತೆಗೆಯುವ ಮಾತು ಬೇಡ. ಪೋರ್ಚುಗೀಸರ ಇಗ್ರೇಜಾದಿಂದ ಕೊಂಕಣಿಗೆ ಬಂದು, ನಮ್ಮ ಬಾಯಲ್ಲಿ ಮನೆ ಮಾಡಿಕೊಂಡ ಪದ ಅದು. ನನ್ನಜ್ಜಿಗೆ ಏಸುಗುಡಿ ಅಂದಿದ್ದರೆ ಬೈಗುಳವೇ ಸಿಗುತ್ತಿತ್ತು. ಪಾದ್ರಿ ಪೋರ್ಚುಗೀಸ್. ಸಾರವೆ ಕಟ್ಟಿಸಿದ ಮೇಸ್ತ್ರಿಯ 'ಮೇಸ್ತ್ರಿ'ಯೂ ಪೋರ್ಚುಗೀಸ್. ಎಲ್ಲರನ್ನೂ ಕಳಿಸಿಬಿಟ್ಟರೆ ಕೆಲಸ ಮಾಡುವವರು ಯಾರು?

ಪೈಪಿನ ತುದಿಗೆ ಸ್ಪಂಜು ಸುತ್ತಿದ್ದಾರೆ, ನೋಡಿ ಬಂದೆ. ಸಾರವೆ ಅಂದರೆ ನಿಮಗೆ ಗೊತ್ತಾ ಅಂತ ಮೇಲೆ ಕೆಲಸ ಮಾಡುವವರನ್ನೇ ಕೇಳಿದೆ. ತಮಿಳುನಾಡಿನ ಹುಡುಗ ತಕ್ಷಣ "ಸಾರಂ" ಅಂದ. ನಮ್ಮೂರಿನವನು ಸುಮ್ನೆ ನಕ್ಕು "ಸ್ಕ್ಯಾಫೋಲ್ಡಿಂಗ್ ಅಲ್ವಾ ಅಕ್ಕಾ" ಅಂದ.

ಫಲಕದ ಮಾತು ಹೀಗಿರಲಿ ಅಂದುಕೊಂಡಿದ್ದೇನೆ:

"ಚಿತ್ರಗಳ ದುರಸ್ತಿಗೆ ಈ ಸಾರವೆ ಕಟ್ಟಿದ್ದೇವೆ. ದಯವಿಟ್ಟು ಪೈಪು ಹತ್ತಬೇಡಿ, ಒರಗಬೇಡಿ. ಇದು ತಾನೇ ನಿಂತಿದೆ. ಇದಕ್ಕಾಗಿ ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲ."

ಗಾರೆಸಾಕ್ಷಿ:

ಚೆನ್ನಾಗಿದೆ. ಸಾರವೆ ಗೊತ್ತಿಲ್ಲದವರಿಗೂ ಪಕ್ಕದ 'ಪೈಪು' ನೋಡಿದರೆ ತಿಳಿಯುತ್ತದೆ. ಅಕ್ಷರ ದೊಡ್ಡದಿರಲಿ, ಒಳಗೆ ಬೆಳಕು ಕಡಿಮೆ ಇರುತ್ತದೆ. ಫಲಕವನ್ನು ಪೈಪಿಗೆ ದಾರದಲ್ಲಿ ಕಟ್ಟಿ, ಗೋಡೆಗೆ ಹೊಡೆಯಬೇಡಿ ಮತ್ತೆ.

ಅಚ್ಚನುಡಿ:

ದುರಸ್ತಿ, ಪೈಪು. 4 ಸಾಲಿನಲ್ಲಿ 2 ಎರವಲು. ನಿಮ್ಮಿಷ್ಟ.

ಬೇರುಹುಡುಕ:

'ಸಾರು' ಧಾತುವಿನ ಬಗ್ಗೆ ಯಾರೂ ಉತ್ತರಿಸಲಿಲ್ಲ. ಬೇರೆ ಎಳೆ ಶುರು ಮಾಡುತ್ತೇನೆ.