ಹಳ್ಳಿಯಲ್ಲಿ ಗೇಟ್‌ವೇ, ಕ್ಲೌಡ್‌ನಲ್ಲಿ ಸಾರಾಂಶ: ಭದ್ರತೆಗೆ ನೀವೇನು ಮಾಡಿದ್ದೀರಿ?

ದೀಪಾ, ತುಮಕೂರು: ಹಾಲು ತಂಪಾಗಿಡುವ ಬಿಎಂಸಿ ಟ್ಯಾಂಕ್‌ಗಳು 4 ಡಿಗ್ರಿಯಲ್ಲಿವೆಯೇ ಎಂದು ನೋಡಲು ಹಳ್ಳಿಗೊಂದು ಗೇಟ್‌ವೇ, ಅಂದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಡುತ್ತಿದ್ದೇವೆ. ಲೆಕ್ಕವೆಲ್ಲ ಅಲ್ಲೇ, ಸಾರಾಂಶ ಮಾತ್ರ ಕ್ಲೌಡ್‌ಗೆ. ಟ್ಯಾಂಕ್‌ಗೂ ಕ್ಲೌಡ್‌ಗೂ ಮಧ್ಯದ ಈ ಕಂಪ್ಯೂಟರ್‌ಗಳ 'ಫಾಗ್' ಪದರವನ್ನು ಹೇಗೆ ಕಾಯುವುದು? ಅನುಭವ ಇದ್ದವರು ಹೇಳಿ.

ಸುರೇಶ, ಹಾಸನ: ನಮ್ಮದು ಆಲೂಗಡ್ಡೆ ಕೋಲ್ಡ್ ಸ್ಟೋರೇಜ್. ಪ್ರತಿ ಗೇಟ್‌ವೇಗೂ ಬೇರೆ ಸರ್ಟಿಫಿಕೇಟ್ (ಡಿಜಿಟಲ್ ಗುರುತಿನ ಚೀಟಿ) ಕೊಟ್ಟೆವು, ಸಂದೇಶ ಬಯಲಾಗಿ ಹೋಗುವ 1883 ಪೋರ್ಟ್ ಮುಚ್ಚಿ, ಗುಪ್ತವಾಗಿ ಹೋಗುವ 8883 ಮಾತ್ರ ಇಟ್ಟೆವು. ನಮ್ಮನ್ನು ಗೋಳಾಡಿಸಿದ್ದು ಕಳ್ಳರಲ್ಲ, ಕರೆಂಟು. ಪೈ 4ರಲ್ಲಿ ಕರೆಂಟ್ ಹೋದರೂ ಓಡುವ ಬ್ಯಾಟರಿ ಗಡಿಯಾರ ಇಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟು ವಾರಗಟ್ಟಲೆ ಕತ್ತಲು. ಅಷ್ಟರಲ್ಲಿ ಸರ್ವರ್ ಸರ್ಟಿಫಿಕೇಟ್ ಹೊಸದಾಗಿತ್ತು. ಕರೆಂಟ್ ಬಂದಾಗ ಪೈ ಹಳೇ ತಾರೀಖಿನಲ್ಲೇ ಎದ್ದಿತು. ಆ ಸಿಮ್‌ನಲ್ಲಿ ನೆಟ್‌ನಿಂದ ಸಮಯ ತರುವ ಎನ್‌ಟಿಪಿ ದಾಟುತ್ತಿರಲಿಲ್ಲ. 'ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲ' ಅಂತ ಲಾಗ್ ತುಂಬಾ ಅದೇ ಸಾಲು. ₹220ರ ಡಿಎಸ್3231 ಗಡಿಯಾರ ಹಾಕಲು ಕಾರಿಗೇ ₹1,400 ಬಾಡಿಗೆ ಕೊಟ್ಟೆವು. ಡಬ್ಬ ಮಾರಿದವರು ಫೋನೇ ಎತ್ತಲಿಲ್ಲ.

ರೇಖಾ, ಪೀಣ್ಯ: ಸುರೇಶ್ ಅವರೇ, ನಿಮ್ಮ ಸರ್ಟಿಫಿಕೇಟ್‌ನ ಖಾಸಗಿ ಕೀಲಿ ಇರೋದು ಪೈನ ಎಸ್‌ಡಿ ಕಾರ್ಡ್‌ನಲ್ಲೇ ಅಲ್ವಾ? ನಮ್ಮ ಶೆಡ್‌ನಲ್ಲಿ ಯಾರೋ ಕಾರ್ಡನ್ನೇ ಕಿತ್ತುಕೊಂಡು ಹೋದರು. ಅವತ್ತಿಂದ ಖಾಸಗಿ ಕೀಲಿ ಎಟಿಇಸಿಸಿ608 ಚಿಪ್‌ನೊಳಗೆ. ಹೊರಗೆ ತೆಗೆಯಲು ಬರುವುದಿಲ್ಲ. ಚಿಪ್ ಅಗ್ಗ, ಆದರೆ ಬೋರ್ಡ್ ಮತ್ತೆ ಮಾಡಿಸಲು ₹38,000, ಮೊದಲ ಬ್ಯಾಚ್‌ನ ಬೆಸುಗೆ ಕೆಟ್ಟು ಇನ್ನೂ ₹9,000 ಹೋಯಿತು. ಆದರೂ ಇದೇ ಸರಿ.

ಸುರೇಶ, ಹಾಸನ: ಕಾರ್ಡ್ ಕಳುವಾದರೆ ಅದೊಂದೇ ಸರ್ಟಿಫಿಕೇಟ್ ರದ್ದು ಮಾಡ್ತೀವಿ. ಅದಕ್ಕೇ ಬೇರೆ ಬೇರೆ ಕೊಟ್ಟಿದ್ದು. ಸುಮ್ನೆ ₹47,000 ಸುರಿಯಬೇಕಾ?

ರೇಖಾ, ಪೀಣ್ಯ: ಕಾಪಿ ಮಾಡಿಕೊಂಡು ಕಾರ್ಡ್ ವಾಪಸ್ ಇಟ್ಟರೆ? ಕಳುವು ಗೊತ್ತಾದರೆ ತಾನೇ ರದ್ದು ಮಾಡೋದು!

ನಾಗರಾಜ, ಶಿರಸಿ: ಚಿಪ್ಪು, ಗಡಿಯಾರ ಆಮೇಲಿರಲಿ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಹಿಡಿದದ್ದು ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನು. ನಮ್ಮ ತೋಟದ ಪಂಪ್‌ಗಳಿಗೆ ವೈರ್‌ಗಾರ್ಡ್ ವಿಪಿಎನ್ (ನೆಟ್‌ನೊಳಗಿನ ಗುಪ್ತ ಸುರಂಗ) ಇದೆ, ಇಂಟರ್ನೆಟ್ ಕಡೆಯಿಂದ ಒಳಬರುವ ಪೋರ್ಟ್ ಒಂದೂ ಇಲ್ಲ.

ಸುರೇಶ, ಹಾಸನ: ಆ ವಿಪಿಎನ್ ಜೀವಂತ ಇಡಲು 25 ಸೆಕೆಂಡಿಗೊಮ್ಮೆ ಹೋಗುವ ಕೀಪ್‌ಅಲೈವ್‌ಗೆ ಸಿಮ್ ಡೇಟಾ ಯಾರು ಕಟ್ಟುತ್ತಾರೆ?

ನಾಗರಾಜ, ಶಿರಸಿ: ತಿಂಗಳಿಗೆ ಕೆಲವೇ ಎಂಬಿ ಅದು! ಲೆಕ್ಕ ಹಾಕಿ ಮಾತಾಡಿ. ಜಾಸ್ತಿ ಡೇಟಾ ತಿನ್ನೋದು ನಿಮ್ಮ ಲಾಗ್.

ರೇಖಾ, ಪೀಣ್ಯ: ವಿಪಿಎನ್ ಕೀಲಿ ಎಲ್ಲಿಟ್ಟಿದ್ದೀರಿ ನಾಗರಾಜ್? ಅದೇ ಎಸ್‌ಡಿ ಕಾರ್ಡ್‌ನಲ್ಲಿ ತಾನೇ?

ನಾಗರಾಜ, ಶಿರಸಿ: ನಮ್ಮ ಪಂಪ್‌ಹೌಸ್‌ಗೆ ಬೀಗ ಇದೆ ಮೇಡಂ. ಬೀಗ ಹಾಕದ ಶೆಡ್ ನಿಮ್ಮದು.